ಶುಕ್ರವಾರದ ದೀಪ, ಶನಿವಾರದ ಸ್ವಿಚ್ಚು

ಪ್ರಶ್ನೆ: ನಮ್ಮ ಹಿರಿಯರ ನಿವಾಸಕ್ಕೆ ಮುಂಬೈ ಕಡೆಯ ಬೆನೆ ಇಸ್ರೇಲಿ ಯಹೂದಿ ಅಜ್ಜಿಯೊಬ್ಬರು ಬಂದಿದ್ದಾರೆ. ಸಕ್ಕರೆ ಕಾಯಿಲೆ ಇದೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗಿನ ಅವರ ವಾರದ ವಿಶ್ರಾಂತಿ ದಿನವಾದ ಶಬ್ಬತ್‌ಗೆ ಏನೇನು ಅಣಿಮಾಡಬೇಕು?
– ವ್ಯವಸ್ಥಾಪಕಿ, ಚಿಕ್ಕಮಗಳೂರು

ಉತ್ತರ: ಎಷ್ಟರಮಟ್ಟಿಗೆ ಪಾಲಿಸುತ್ತಾರೆಂದು ಮೊದಲು ಅವರನ್ನೇ ಕೇಳಿ, ಮನೆಯಿಂದ ಮನೆಗೆ ರೂಢಿ ಬೇರೆ.

ದೀಪ ಹಚ್ಚುವುದು ಶುಕ್ರವಾರ ಸೂರ್ಯಾಸ್ತಕ್ಕೆ ಸುಮಾರು 18 ನಿಮಿಷ ಮೊದಲು. 6:30ಕ್ಕೆ ಹೊತ್ತು ಮುಳುಗಿದರೆ 6:12ಕ್ಕೆ. ಮೇಣದಬತ್ತಿಯನ್ನು ಸ್ಟೀಲ್ ತಟ್ಟೆಯಲ್ಲಿ, ಪರದೆಯಿಂದ ದೂರ ಇಡಿ. ಕೋಣೆಯಲ್ಲಿ ಆಕ್ಸಿಜನ್ ಇದ್ದರೆ ಬೆಂಕಿ ಬೇಡವೇ ಬೇಡ, ಬ್ಯಾಟರಿ ದೀಪ ಸಾಕು. ಅದನ್ನೂ ಮುಂಚೆಯೇ ಹಚ್ಚಿ.

ಎಡವಟ್ಟಾಗುವುದು ಆಮೇಲೆ. ಆ ಹೊತ್ತಿನಲ್ಲಿ ದೀಪ ಹಚ್ಚುವುದು, ಆರಿಸುವುದು ನಿಷಿದ್ಧವಾದ್ದರಿಂದ ಶನಿವಾರ ಕತ್ತಲಾಗಿ ನಕ್ಷತ್ರ ಕಾಣುವವರೆಗೆ ಅವರು ಸ್ವಿಚ್ ಮುಟ್ಟದಿರಬಹುದು. ರಾತ್ರಿ ಕತ್ತಲಲ್ಲೇ ಬಚ್ಚಲಿಗೆ ಹೋಗಿ ಜಾರುತ್ತಾರೆ. ಬಚ್ಚಲ ದೀಪ ಸಂಜೆಯೇ ಹಾಕಿಡಿ, ಅಭ್ಯಾಸಬಲದಿಂದ ಆಯಾ ಆರಿಸದಂತೆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ತುರ್ತು ಗಂಟೆ ಒತ್ತಲು ಅಡ್ಡಿಯಿಲ್ಲ: ಜೀವ ಉಳಿಸುವುದು ಶಬ್ಬತ್‌ಗಿಂತ ದೊಡ್ಡದೆಂದು ಅವರ ಧರ್ಮವೇ ಹೇಳುತ್ತದೆ. ಇನ್ಸುಲಿನ್ನೂ ತಪ್ಪಕೂಡದು.

ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿದ ಶರಬತ್ತಿನಿಂದ ಪ್ರಾರ್ಥನೆ ನಡೆಯುತ್ತದೆ. ಸಕ್ಕರೆ ಹಾಕಬೇಡಿ, ಗುಟುಕಿನಷ್ಟೇ ಕೊಡಿ.

ಊಟಕ್ಕೆ ಬಂಗುಡೆ ಆದೀತು, ಸಿಗಡಿ, ಏಡಿ ಆಗದು. ಮಾಂಸದ ಜೊತೆ ಹಾಲಿನ ಪದಾರ್ಥ ಸೇರಿಸುವಂತಿಲ್ಲ, ಹಾಗಾಗಿ ಮಾಂಸದೂಟದ ಕೊನೆಗೆ ಮಜ್ಜಿಗೆ ಬಡಿಸುವ ನಮ್ಮ ರೂಢಿ ಇಲ್ಲಿ ನಡೆಯದು. ಸಾರಿಗೆ ತೆಂಗಿನಹಾಲು ಬಳಸಿದರೆ ತಕರಾರಿಲ್ಲ.