ಗೆಳತಿಯೊಡನೆ ಮೊದಲ ರಾಕ್ ಕಛೇರಿ

ಪ್ರಶ್ನೆ: ಕರ್ನಾಟಕ ಸಂಗೀತ ಕೇಳಿ ಬೆಳೆದ ನನ್ನನ್ನು ಗೆಳತಿ ಇಂದಿರಾನಗರದ ಇಂಡೀ ರಾಕ್ (ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ ಸ್ವತಂತ್ರ ತಂಡಗಳ ರಾಕ್) ಕಛೇರಿಗೆ ಕರೆದಿದ್ದಾಳೆ. ಆ ಅಬ್ಬರ ನನ್ನ ಕಿವಿಗೆ ಒಗ್ಗೀತೇ?
– ಓದುಗರು, ಬಸವನಗುಡಿ

ಉತ್ತರ: ಖಂಡಿತ ಹೋಗಿ. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಕನ್ನಡದಲ್ಲೂ ಹಾಡುವ ಸ್ವರಾತ್ಮದಂತಹ ತಂಡಗಳು ಸ್ವಂತ ರಚನೆಗಳನ್ನೇ ನುಡಿಸುತ್ತ ಬಂದಿರುವ ಊರು ನಮ್ಮದು. ಹಾಡುಗಳನ್ನು ಮೊದಲೇ ಒಂದೆರಡು ಬಾರಿ ಕೇಳಿಕೊಂಡು ಹೋದರೆ, ಗಿಟಾರ್ ವಾದಕರು ಡ್ರಮ್ ವಾದಕರತ್ತ ತಿರುಗಿ ತಲೆಯಾಡಿಸಿದೊಡನೆ ಲಯ ಬದಲಾಗುವ ಸೊಗಸು, ಮೃದಂಗದಂತಹ ಲಯವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಕೇಳಿ ಪಳಗಿದ ನಿಮಗೆ ಇತರರಿಗಿಂತ ಬೇಗ ಹಿಡಿಸುತ್ತದೆ ಎಂದೇ ನನ್ನ ನಂಬಿಕೆ.

ಸದ್ದಿನ ಬಗೆಗಿನ ನಿಮ್ಮ ಆತಂಕ ಮಾತ್ರ ಸಕಾರಣವಾದುದು. 85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ, 100 ಡೆಸಿಬಲ್‌ಗೆ 15 ನಿಮಿಷಕ್ಕೆ ಇಳಿಯುತ್ತದೆ. ರಾಕ್ ಕಛೇರಿಗಳಲ್ಲಿ ಆ ಮಟ್ಟ ಅಪರೂಪವಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಿರಿ. ಸ್ಪೀಕರ್‌ಗಳಿಂದ ದೂರ, ಧ್ವನಿ ನಿಯಂತ್ರಕರ ಮೇಜಿನ ಬಳಿ ಗೆಳತಿಯೊಡನೆ ನಿಂತುಕೊಳ್ಳಿ. ಸಂಗೀತ ಅಲ್ಲಿ ಹದವಾಗಿ ಕೇಳಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಬೇಕಾದ್ದರಿಂದ ಕೊನೆಯ ಮೆಟ್ರೊ ಸಮಯವನ್ನು ಮೊದಲೇ ನೋಡಿಕೊಳ್ಳಿ.