ನಾಲ್ಕೇ ವರ್ಷಕ್ಕೆ ಸುಸ್ತಾದರೆ ಹೇಗೆ?

ಪ್ರಶ್ನೆ: ಕಾಲೇಜು ಹುಡುಗರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನಾಲ್ಕು ವರ್ಷವಾಯಿತು, ಒಂದೂ ಕಪ್ ಬಂದಿಲ್ಲ. ಮಳೆಗಾಲ ಬಂದರೆ ಕೋರ್ಟ್ ತುಂಬಾ ಪಾಚಿ. ಬಿಟ್ಟುಬಿಡಲಾ? ಎಲ್ಲರೂ ಜಾನ್ ವುಡನ್ ಹೆಸರು ಹೇಳುತ್ತಾರೆ, ಅವರು ಅಂಥದ್ದೇನು ಮಾಡಿದರು?
— ಒಬ್ಬ ಕೋಚ್, ತೀರ್ಥಹಳ್ಳಿ

ಉತ್ತರ: ಸ್ವಲ್ಪ ತಡೀರಿ ಮಾರಾಯ್ರೇ. ವುಡನ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಂದದ್ದು 1948ರಲ್ಲಿ, ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪ್ರಶಸ್ತಿ ಗೆದ್ದದ್ದು 1964ರಲ್ಲಿ. 1975ರಲ್ಲಿ ನಿವೃತ್ತರಾಗುವ ಹೊತ್ತಿಗೆ ಒಟ್ಟು 10, ಅದರಲ್ಲಿ 7 ಸಾಲಾಗಿ! ಈ 10ರ ಕಥೆ ಎಲ್ಲರಿಗೂ ಗೊತ್ತು, ಅದಕ್ಕೆ ಮುಂಚಿನ ವರ್ಷಗಳನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಅಭ್ಯಾಸಕ್ಕೆ ಅವರಿಗಿದ್ದದ್ದು ಹಳೇ ಜಿಮ್ ಹಾಲ್. ಕುಸ್ತಿಯವರು, ಜಿಮ್ನಾಸ್ಟಿಕ್ಸ್‌ನವರು ಎಲ್ಲ ಅಲ್ಲೇ. ಅಭ್ಯಾಸಕ್ಕೆ ಮುಂಚೆ ವುಡನ್ ತಾವೇ ನಿಂತು ನೆಲ ಗುಡಿಸಿ ಒರೆಸುತ್ತಿದ್ದರಂತೆ. ಮೊದಲ ಎರಡು ಪ್ರಶಸ್ತಿ ಬಂದದ್ದು ಆ ಜಿಮ್ ಕಾಲದಲ್ಲೇ, ಹೊಸ ಒಳಾಂಗಣ ಕ್ರೀಡಾಂಗಣ ಸಿಕ್ಕಿದ್ದು ಆಮೇಲೆ, 1965ರಲ್ಲಿ.

ಅವರ ಮೊದಲ ದಿನದ ಪಾಠ ಏನು ಗೊತ್ತಾ? ಸಾಕ್ಸ್ ಹಾಕಿಕೊಳ್ಳುವುದು. ಬೆರಳಿನ ಹತ್ತಿರ, ಹಿಮ್ಮಡಿಯಲ್ಲಿ ಒಂದೂ ಸುಕ್ಕು ಇರಬಾರದು, ಆಮೇಲೆ ಲೇಸ್ ಬಿಗಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಬೊಬ್ಬೆ ಬರುತ್ತದೆ, ಬೊಬ್ಬೆ ಬಂದ ಹುಡುಗ ಓಡುವುದಿಲ್ಲ. ಹೌದು, 7 ಅಡಿ ದಾಟಿದ ಕರೀಂ ಅಬ್ದುಲ್ ಜಬ್ಬಾರ್ ಥರದ ಆಟಗಾರರು ಸಿಕ್ಕಿದ್ದು ಅವರ ಅದೃಷ್ಟವೂ ಹೌದು. ಸುಮ್ನೆ ಇಲ್ಲ ಅನ್ನೋಕಾಗಲ್ಲ.

ನೀವು ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಲ್ಲಿ ಉಜ್ಜಿಸಿ, ಒಂದು ಪೊರಕೆ ನೀವೇ ಹಿಡಿಯಿರಿ. ಹುಡುಗರಿಗೆ ಒಣಗಿದ ಸಾಕ್ಸ್ ಇನ್ನೊಂದು ಜೊತೆ ತರೋಕೆ ಹೇಳಿ. ಆಷಾಢದಲ್ಲಿ ಅದೇ ಕಷ್ಟ, ಗೊತ್ತು.