ಜಮೀನು ಏಜೆಂಟರಿಗೂ ಪಾಠವಾ? ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ತೋಟ, ಗದ್ದೆ, ಸೈಟ್ ವ್ಯಾಪಾರ ಕುದುರಿಸಿಕೊಡುವುದೇ ಕಸುಬು. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ಅಂತ ನೋಂದಣಿ ಮಾಡಿಸಿದ್ದೇನೆ. ಈಚೆಗೆ ಒಂದು ಸಂಸ್ಥೆಯವರು ದಿನಾ ಫೋನ್ ಮಾಡುತ್ತಿದ್ದಾರೆ. ಎರಡು ದಿನದ ಆನ್‌ಲೈನ್ ಕೋರ್ಸ್ ಅಂತೆ, ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದೆ ರಿನ್ಯೂವಲ್ ಆಗಲ್ಲವಂತೆ. ಸೇರಲಾ ಸರ್?

ಉತ್ತರ: ಹೆದರಿಕೊಂಡು ಸೇರಬೇಡಿ. 2016ರ ರೇರಾ ಕಾಯ್ದೆ ಏಜೆಂಟರ ನೋಂದಣಿ ಕಡ್ಡಾಯ ಮಾಡಿದೆ ನಿಜ. ಆದರೆ ಕೋರ್ಸ್ ಮಾಡಿರಲೇಬೇಕು ಎಂಬ ಷರತ್ತು ಆ ಕಾಯ್ದೆಯಲ್ಲಿಲ್ಲ. ಮಹಾರಾಷ್ಟ್ರದ ರೇರಾ 2023ರಲ್ಲಿ ಪ್ರತ್ಯೇಕ ಆದೇಶ ಹೊರಡಿಸಿ ಏಜೆಂಟರಿಗೆ 20 ಗಂಟೆಯ ತರಬೇತಿ, ಪರೀಕ್ಷೆ ಎರಡನ್ನೂ ಕಡ್ಡಾಯ ಮಾಡಿತು. ಅಂಥ ಆದೇಶ ಬರಬೇಕಾದದ್ದು ಆಯಾ ರಾಜ್ಯದ ಪ್ರಾಧಿಕಾರದಿಂದ, ಫೋನ್ ಮಾಡುವವರಿಂದಲ್ಲ. 'ಆದೇಶದ ನಂಬರ್, ತಾರೀಖು ವಾಟ್ಸಾಪ್ ಮಾಡಿ' ಅನ್ನಿ. ಕಳಿಸಿದರೆ ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ತಾಳೆ ನೋಡಿ. ಕಳಿಸದಿದ್ದರೆ ವಿಷಯ ಗೊತ್ತಾಯಿತಲ್ಲ.

ಹಾಗಂತ ಕಲಿಕೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಸುಬಿನಲ್ಲಿ ನಿಯಮ ನಿಂತಲ್ಲಿ ನಿಲ್ಲುವುದಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಹೋದವು. ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿಯಿಲ್ಲದೆ ಪರಭಾರೆಯಾಗಿದ್ದರೆ, ವಾಪಸ್ ಕೇಳಲು ಆ ಕಾಯ್ದೆಯಲ್ಲಿ ಈಗ ಕಾಲಮಿತಿ ಇಲ್ಲ. ಇ-ಖಾತೆ ಇಲ್ಲದೆ ಸೈಟ್ ರಿಜಿಸ್ಟರ್ ಆಗದ ಕಾಲ ಬಂತು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಐದು ವರ್ಷದ ಹಿಂದೆ ಕಲಿತದ್ದನ್ನೇ ಇವತ್ತೂ ಗಿರಾಕಿಗೆ ಹೇಳಿದರೆ ಅವರ ದುಡ್ಡೂ ಹೋಗುತ್ತೆ, ನಿಮ್ಮ ಹೆಸರೂ ಹೋಗುತ್ತೆ.

ಹಾಗಾದರೆ ಒಳ್ಳೆ ಕೋರ್ಸ್ ಅಂದರೆ ಯಾವುದು? ಕ್ಯಾಲಿಫೋರ್ನಿಯಾದ ಪದ್ಧತಿ ನೋಡಿ. ಅಲ್ಲಿ ಏಜೆಂಟರು ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು 45 ಗಂಟೆಯ ಕೋರ್ಸ್ ಮುಗಿಸಬೇಕು. ಕೊನೆಯ ಪರೀಕ್ಷೆಯಲ್ಲಿ ಶೇ 70 ಅಂಕ ಬೇಕು. 24 ಗಂಟೆಯೊಳಗೆ 15 ಗಂಟೆಗಿಂತ ಜಾಸ್ತಿ ಕೋರ್ಸಿನ ಪರೀಕ್ಷೆ ಬರೆಯುವಂತಿಲ್ಲ. ಕೊನೇ ದಿನ ಕೂತು ಎಲ್ಲವನ್ನೂ ಕ್ಲಿಕ್ ಮಾಡಿ ಮುಗಿಸುವವರು ಅಲ್ಲೂ ಇದ್ದಾರೆ ಅಂತ ಕಾಣುತ್ತೆ! ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಕೋರ್ಸಿಗೆ ಅಲ್ಲಿನ ಸರ್ಕಾರ ಕೊಟ್ಟ ಒಪ್ಪಿಗೆಗೇ ಎರಡು ವರ್ಷದ ಅವಧಿ. ಆಮೇಲೆ ಸಂಸ್ಥೆ ಪಾಠಕ್ಕೆ ಮತ್ತೆ ಒಪ್ಪಿಗೆ ಪಡೆಯಬೇಕು. ನಿಮಗೆ ಫೋನ್ ಮಾಡಿದವರನ್ನೂ ಇದನ್ನೇ ಕೇಳಿ: ಪಾಠ ಕೊನೆಗೆ ತಿದ್ದಿದ್ದು ಯಾವಾಗ? ಹೇಳಿಕೊಡುವವರು ಯಾರು, ಏನು ಓದಿದ್ದಾರೆ? ಪರೀಕ್ಷೆಯಲ್ಲಿ ಫೇಲ್ ಆಗುವವರು ಇದ್ದಾರಾ? ಯಾರೂ ಫೇಲಾಗದ ಪರೀಕ್ಷೆಗೆ ಸುಮ್ನೆ ದುಡ್ಡು ಕಟ್ಟಬೇಡಿ.

ಇದಿಷ್ಟೂ ಸರಿಯಿದ್ದರೂ ನಾನು ಒಂದು ಪರೀಕ್ಷೆ ಇಡುತ್ತೇನೆ. ತೀರ್ಥಹಳ್ಳಿಯದೋ ಹೊಸನಗರದ್ದೋ ಒಂದು ಪಹಣಿ ಅವರ ಮುಂದಿಡಿ. 9ನೇ ಕಾಲಂನಲ್ಲಿ ಹೆಸರಿದೆ ಅನ್ನುವುದು ಯಾರಿಗೂ ಕಾಣುತ್ತೆ. ಆ ಹೆಸರು ಬಂದದ್ದು ಹೇಗೆ, ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು) ಮಂಜೂರಾತಿಯಾ, ಹಾಗಿದ್ದರೆ ಮಾರಬಾರದ ಅವಧಿ ಮುಗಿದಿದೆಯಾ, 11ನೇ ಕಾಲಂನಲ್ಲಿ ಸಾಲ ಕೂತಿದೆಯಾ, ಇದನ್ನೆಲ್ಲ ಓದಿ ಹೇಳಬೇಕು. ತೋಟದ ಪಕ್ಕದ ಸೊಪ್ಪಿನಬೆಟ್ಟದ ಮಾತಂತೂ ಬೆಂಗಳೂರಿನಲ್ಲಿ ತಯಾರಾದ ಪಾಠದಲ್ಲಿ ಇರುವುದೇ ಕಷ್ಟ. 'ಎರಡೆಕರೆ ತೋಟ, ಜೊತೆಗೆ ಐದೆಕರೆ ಬೆಟ್ಟ' ಅಂತ ಒಟ್ಟು ಏಳೆಕರೆಗೆ ರೇಟ್ ಹೇಳುವವರನ್ನು ನೀವೂ ನೋಡಿರುತ್ತೀರಿ. ಬೆಟ್ಟದ ಮೇಲೆ ತೋಟದವರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವಂಥ ಅನುಭವದ ಹಕ್ಕು, ಒಡೆತನವಲ್ಲ. ಕಾನು (ಮಲೆನಾಡಿನ ದಟ್ಟ ಕಾಡು), ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಪರಿಗಣಿಸಿದ ಜಾಗ), ಶರಾವತಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಜಮೀನು, ಇವುಗಳ ಗೊಂದಲ ಬೇರೆ. ಈ ವಿಷಯ ಬಂದಾಗ ತಡವರಿಸುವ ಕೋರ್ಸ್ ಘಟ್ಟದ ಮೇಲಿನ ಏಜೆಂಟರಿಗೆ ಉಪಯೋಗಕ್ಕೆ ಬರಲ್ಲ.

ಪ್ರಶ್ನೆ: ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಹತ್ತಿರ ಸೈಟ್ ನೋಡುತ್ತಿದ್ದೇವೆ. ಏಜೆಂಟ್ ಆಫೀಸಿನ ಗೋಡೆ ತುಂಬ ತರಬೇತಿಯ ಸರ್ಟಿಫಿಕೇಟ್‌ಗಳಿವೆ. ನಂಬಬಹುದಾ? – ವಿನೋಬನಗರದ ಓದುಗರು

ಉತ್ತರ: ಗೋಡೆ ಬಿಡಿ ಮೇಡಂ. ಅವರ ರೇರಾ ನೋಂದಣಿ ಸಂಖ್ಯೆ, ಲೇಔಟ್‌ನ ಸಂಖ್ಯೆ ಎರಡನ್ನೂ ಕೇಳಿ. ಬಡಾವಣೆಯ ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ರೇರಾ ನೋಂದಣಿ ಬೇಕು. ನೋಂದಣಿ ಆಗಬೇಕಾದ ಲೇಔಟ್ ಆಗದೇ ಇದ್ದರೆ ಏಜೆಂಟ್ ಅದರ ಸೈಟ್ ಮಾರಿಸಿಕೊಡುವಂತಿಲ್ಲ. ಮಾರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಏರುತ್ತಾ ಸೈಟ್ ಬೆಲೆಯ ಶೇ 5ರವರೆಗೂ ಹೋಗಬಹುದು. ಇದನ್ನು ಒಮ್ಮೆ ಅವರ ಮುಂದೆ ಮೆತ್ತಗೆ ಹೇಳಿ ನೋಡಿ. ನಿಜವಾಗಿ ಕಲಿತವರು ಬೇಜಾರು ಮಾಡಿಕೊಳ್ಳದೆ ಕಾಗದ ತೆಗೆದು ತೋರಿಸುತ್ತಾರೆ.

ಪ್ರಶ್ನೆ: ಸಾಗರದಲ್ಲಿ ನಾವೇ ಏಜೆಂಟರು ಸೇರಿ ವರ್ಷಕ್ಕೊಂದು ತರಬೇತಿ ಮಾಡೋಣ ಅಂತ. ಹೇಗೆ ಮಾಡಿದರೆ ಚೆನ್ನ?

ಉತ್ತರ: ಮಾಡಿ, ಒಳ್ಳೆ ಕೆಲಸ. ಹಾರ, ಶಾಲು, ಭಾಷಣಕ್ಕೆ ಅರ್ಧ ಗಂಟೆ ಮೀರಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ ಒಬ್ಬ ವಕೀಲರು ಆ ವರ್ಷದ ತಿದ್ದುಪಡಿಗಳನ್ನು ಹೇಳಲಿ. ಮಧ್ಯಾಹ್ನ ಸರ್ವೆ ಗೊತ್ತಿರುವವರೊಬ್ಬರು 11ಇ ಸ್ಕೆಚ್ (ಮಾರುವ ಭಾಗವನ್ನು ತೋರಿಸುವ ಸರ್ವೆ ನಕ್ಷೆ) ಓದುವುದು, ಜಾಗದಲ್ಲಿ ಚೆಕ್ಕುಬಂದಿ ತಾಳೆ ಹಾಕುವುದು ತೋರಿಸಲಿ. ಅಡ್ವಾನ್ಸ್ ದುಡ್ಡಿನ ಲೆಕ್ಕಕ್ಕೆ ಒಂದು ಗಂಟೆ ಪೂರ್ತಿ ಇಡಿ. ಗಿರಾಕಿ ಕೊಟ್ಟ ಹಣಕ್ಕೆ ರಸೀದಿ ಕೊಡದೆ ಜೇಬಿಗಿಳಿಸುವುದರಿಂದಲೇ ಅರ್ಧ ಜಗಳ ಶುರುವಾಗುವುದು. ಊಟ ಆದಮೇಲೆ ಜಾಗ ಖಾಲಿ ಮಾಡುವವರಿಗೆ ಸರ್ಟಿಫಿಕೇಟ್ ಬೇಡ. ಸಂಜೆಯೂ ಒಂದು ಸಹಿ ಹಾಕಿಸಿಕೊಳ್ಳಿ, ಆಮೇಲೆ ಹತ್ತು ಪ್ರಶ್ನೆಯ ಚಿಕ್ಕ ಪರೀಕ್ಷೆ ಇಡಿ. ಪ್ರಶ್ನೆ ಪತ್ರಿಕೆಗೆ ನಿಮ್ಮ ತಾಲ್ಲೂಕಿನದೇ ಹಳೆ ಪಹಣಿಗಳನ್ನು, ಹೆಸರು ಅಳಿಸಿ, ಬಳಸಿಕೊಳ್ಳಿ.